ತುಳಿದೋಣಿಯಿಂದ ಮೀನುಗಾರಿಕೆ: ಹೊಸ ದೋಣಿಯನ್ನು ಸಜ್ಜುಗೊಳಿಸುವ ಕ್ರಮ

ಉಡುಪಿ ಸೀಮೆಯ ಹೊಳೆ-ಕಡಲುಗಳಲ್ಲಿ ಚಿಕ್ಕ ದೋಣಿಗಳಿಂದ ಮೀನು ಹಿಡಿಯುವ ಪದ್ಧತಿಯು ಬಹು ಪುರಾತನವಾದುದು. ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡಿದ ಪಾತಿದೋಣಿಯಲ್ಲಿ ಒಬ್ಬಿಬ್ಬರು ಕುಳಿತು ಬಲೆ ಬೀಸುವುದು, ಗಾಳ ಹಾಕುವುದು ಇಲ್ಲಿನ ಮೊಗವೀರರಿಗೆ ತಲೆಮಾರುಗಳಿಂದ ಬಂದ ವಿದ್ಯೆ. ಆದರೆ ಒಬ್ಬನೇ ಹೋದವನಿಗೆ ಒಂದು ತೊಡಕುಂಟು. ಹುಟ್ಟು ಹಾಕಲು ಎರಡು ಕೈಗಳೂ ಬೇಕು; ಗಾಳ ಹಿಡಿಯಲೂ ಕೈಯೇ ಬೇಕು. ಮೀನು ಕಚ್ಚಿದ ಸಮಯದಲ್ಲಿ ಹುಟ್ಟನ್ನು ಬಿಟ್ಟರೆ ಸೆಳವು ದೋಣಿಯನ್ನು ತನ್ನ ಇಚ್ಛೆಯಂತೆ ಒಯ್ಯುತ್ತದೆ.

ಈ ತೊಡಕನ್ನು ನಿವಾರಿಸುವುದಕ್ಕಾಗಿ ಬಂದುದೇ ಪೆಡಲ್ ಕಯಾಕ್, ಅಂದರೆ ತುಳಿದೋಣಿ. ಕಯಾಕ್ ಎಂಬುದು ಮೂಲತಃ ಉತ್ತರ ಧ್ರುವಪ್ರದೇಶದ ಇನ್ಯುಟ್ ಜನರು ಚೌಕಟ್ಟಿಗೆ ತೊಗಲು ಹೊದಿಸಿ ಕಟ್ಟುತ್ತಿದ್ದ ಬೇಟೆಯ ದೋಣಿ. ಅಮೆರಿಕದ ಹೋಬಿ ಕಂಪೆನಿಯು 1997ರಲ್ಲಿ, ಪೆಂಗ್ವಿನ್ ಹಕ್ಕಿಯ ರೆಕ್ಕೆಗಳಂತೆ ನೀರಿನಡಿಯಲ್ಲಿ ಆಡುವ ಎರಡು ಈಜುರೆಕ್ಕೆಗಳನ್ನು ಕಾಲಿನಿಂದ ನಡೆಸುವ ಯಂತ್ರವನ್ನು ಇದಕ್ಕೆ ಅಳವಡಿಸಿತು. ಅನಂತರ ಸೈಕಲಿನಂತೆ ತುಳಿದು ತಿರುಗುಚಕ್ರವನ್ನು ನಡೆಸುವ ಮಾದರಿಗಳೂ ಬಂದವು. ಕಾಲು ದೋಣಿಯನ್ನು ನಡೆಸುವುದರಿಂದ ಕೈಗಳು ಗಾಳಕ್ಕೆ ಉಳಿಯುತ್ತವೆ. ಇದೇ ಇದರ ಮುಖ್ಯ ಪ್ರಯೋಜನ.

ದೋಣಿಯ ಸ್ವರೂಪ

ಮೀನುಗಾರಿಕೆಗೆ ಬಳಸುವ ತುಳಿದೋಣಿಯು ಸಾಮಾನ್ಯವಾಗಿ 10ರಿಂದ 13 ಅಡಿ ಉದ್ದ, ಸುಮಾರು 3 ಅಡಿ ಅಗಲವಿದ್ದು, ಪಾಲಿಥೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನಿಂದ ಟೊಳ್ಳಾಗಿ ಮಾಡಲ್ಪಟ್ಟಿರುತ್ತದೆ. ಕುಳಿತುಕೊಳ್ಳುವ ಸ್ಥಳವು ಒಡಲಿನ ಮೇಲ್ಭಾಗದಲ್ಲಿರುತ್ತದೆ. ಮೇಲೆ ಬಿದ್ದ ನೀರು ಇಳಿದುಹೋಗಲು ಒಡಲಿನ ಮೂಲಕ ಹಾಯುವ ರಂಧ್ರಗಳಿರುತ್ತವೆ. ಒಡಲಿನೊಳಗಿನ ನೀರನ್ನು ಹೊರಕ್ಕೆ ಬಿಡಲು ಬೇರೊಂದು ಬೂಚು ಇರುತ್ತದೆ. ಈ ಬೂಚನ್ನು ಬಿಗಿಯಲು ಮರೆತು ನೀರಿಗಿಳಿದರೆ ದೋಣಿಯ ಒಡಲು ತಿಳಿಯದಂತೆಯೇ ತುಂಬುತ್ತದೆ. ಆದಕಾರಣ ದಡ ಬಿಡುವ ಮುನ್ನ ಮೊದಲು ನೋಡತಕ್ಕದ್ದು ಬೂಚನ್ನೇ.

ಸಜ್ಜುಗೊಳಿಸುವ ಕ್ರಮ

ಹೊಸ ದೋಣಿಯನ್ನು ಕೊಂಡವರು ಮೊದಲು ಗಾಳದ ಕೋಲು, ಮೀನು ತೋರಿಸುವ ಯಂತ್ರ ಇವುಗಳ ಕಡೆಗೆ ಗಮನ ಕೊಡುವುದುಂಟು. ಇದು ಹಿಂದುಮುಂದಾದ ಕ್ರಮ. ಮೊದಲು ಆಸನ, ಎರಡನೆಯದಾಗಿ ಚುಕ್ಕಾಣಿ, ಮೂರನೆಯದಾಗಿ ಪ್ರಾಣರಕ್ಷಣೆಯ ಸಾಧನಗಳು, ನಾಲ್ಕನೆಯದಾಗಿ ಲಂಗರು, ಕಡೆಗೆ ಮೀನಿನ ಸಾಧನಗಳು, ಹೀಗೆ ಅಣಿಮಾಡತಕ್ಕದ್ದು.

ಆಸನ: ಕಾಲನ್ನು ಪೂರ್ತಿ ಚಾಚಿ ತುಳಿದಾಗಲೂ ಮೊಣಕಾಲು ಸ್ವಲ್ಪ ಬಾಗಿರುವಂತೆ ಆಸನವನ್ನು ಹಿಂದುಮುಂದು ಸರಿಸಬೇಕು. ಮೊಣಕಾಲು ನೆಟ್ಟಗಾದರೆ ಗಂಟು ನೋಯುವುದು. ತೀರ ಮಡಿಸಿದರೆ ಬಲ ವ್ಯರ್ಥವಾಗುವುದು.

ಚುಕ್ಕಾಣಿ: ಕೈಪಿಡಿಯನ್ನು ನಟ್ಟನಡುವೆ ಇಟ್ಟಾಗ ಹಿಂದಿನ ಚುಕ್ಕಾಣಿಯ ಹಲಗೆಯೂ ನೇರವಾಗಿ ನಿಲ್ಲಬೇಕು. ಓರೆಯಾಗಿದ್ದರೆ ಅದನ್ನೆಳೆಯುವ ಹುರಿಯನ್ನು ಬಿಗಿಮಾಡಿ ಸರಿಪಡಿಸಬೇಕು.

ಪ್ರಾಣರಕ್ಷಣೆ: ತೇಲುವ ಅಂಗಿಯನ್ನು ತೊಟ್ಟುಕೊಳ್ಳತಕ್ಕದ್ದೇ ಹೊರತು ಆಸನದ ಹಿಂದೆ ಇಟ್ಟುಕೊಳ್ಳತಕ್ಕದ್ದಲ್ಲ. ತುಳಿಯುವ ಯಂತ್ರವು ಕೆಟ್ಟರೆ ಬಳಸಲು ಒಂದು ಹುಟ್ಟನ್ನು ಹಗ್ಗದಿಂದ ದೋಣಿಗೆ ಕಟ್ಟಿರಬೇಕು. ಸೀಟಿ, ಹರಿತವಾದ ಚಾಕು, ನೀರು ಹೊಗದ ಚೀಲದಲ್ಲಿ ದೂರವಾಣಿ, ಕುಡಿಯುವ ನೀರು ಇವು ಕೈಗೆ ಎಟುಕುವಂತಿರಬೇಕು.

ಲಂಗರು: ಲಂಗರನ್ನು ದೋಣಿಯ ಮೂತಿಯಿಂದಾಗಲಿ ಹಿಂತುದಿಯಿಂದಾಗಲಿ ಬಿಡಬೇಕು; ಪಕ್ಕದಿಂದ ಬಿಡಲೇಕೂಡದು. ಪಕ್ಕಕ್ಕೆ ಕಟ್ಟಿದ ಲಂಗರನ್ನು ಸೆಳವು ಎಳೆದಾಗ ದೋಣಿಯು ಆ ಕಡೆಗೆ ವಾಲಿ ಮಗುಚುತ್ತದೆ. ಹಗ್ಗದ ಮೇಲ್ತುದಿಗೆ ಒಂದು ತೇಲುಬುಂಡೆಯನ್ನು ಕಟ್ಟಿದರೆ, ಅವಸರದಲ್ಲಿ ಹಗ್ಗವನ್ನು ಬಿಟ್ಟು ಪಾರಾಗಿ, ಅನಂತರ ಬಂದು ಎತ್ತಿಕೊಳ್ಳಬಹುದು.

ಮೀನಿನ ಸಾಧನಗಳು: ಆಸನದಲ್ಲಿ ಕುಳಿತು, ತುಳಿಯುತ್ತ, ಕೋಲನ್ನು ಹಿಡಿದು ನೋಡಿ, ಮೊಣಕಾಲಿಗೆ ತಗುಲದ ಜಾಗವನ್ನು ಗುರುತಿಸಿದ ಮೇಲೆಯೇ ಒಡಲಿಗೆ ತೂತು ಕೊರೆಯಬೇಕು. ಪ್ರತಿ ತೂತಿಗೂ ರಬ್ಬರಿನ ಬಿಲ್ಲೆಯನ್ನೂ ನೀರುತಡೆಯುವ ಅಂಟನ್ನೂ ಹಾಕಬೇಕು. ಬ್ಯಾಟರಿಯಂಥ ಭಾರದ ವಸ್ತುಗಳು ತಗ್ಗಿನಲ್ಲಿ, ನಡುವಿನ ಗೆರೆಯ ಮೇಲಿರಬೇಕು. ಸವಾರ, ಸಾಮಾನು, ಹಿಡಿಯುವ ಮೀನು ಎಲ್ಲ ಸೇರಿ ತಯಾರಕರು ಹೇಳಿದ ಭಾರದ ಮೂರರಲ್ಲಿ ಎರಡು ಪಾಲನ್ನು ಮೀರದಿರುವುದು ಲೇಸು.

ನೀರಿನಲ್ಲಿ ಪರೀಕ್ಷೆ

ಅಣಿಯಾದ ದೋಣಿಯನ್ನು ನೇರವಾಗಿ ಕಡಲಿಗೆ ಒಯ್ಯತಕ್ಕದ್ದಲ್ಲ. ಮೊದಲ ಪರೀಕ್ಷೆಗೆ ನಿಂತ ನೀರೇ ತಕ್ಕುದು. ಕಾರ್ಕಳದ ಸೀಮೆಯಲ್ಲಿ ಕೆರೆಗಳಿಗೆ ಕೊರತೆಯಿಲ್ಲ. ಆದರೆ ಕೆರೆಯ ಮೀನಿನ ಹಕ್ಕು ಗುತ್ತಿಗೆಯವರದಾಗಿರಬಹುದಾದ್ದರಿಂದ ಸಂಬಂಧಪಟ್ಟವರ ಒಪ್ಪಿಗೆಯನ್ನು ಪಡೆಯಬೇಕು. ಎದೆಮಟ್ಟದ ನೀರಿನಲ್ಲಿ, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು, ದೋಣಿಯನ್ನು ಬೇಕೆಂದೇ ಮಗುಚಿ, ಪುನಃ ನೆಟ್ಟಗೆ ಮಾಡಿ, ಪಕ್ಕದಿಂದ ಏರಿ ಕುಳಿತುಕೊಳ್ಳುವುದನ್ನು ಅಭ್ಯಾಸಮಾಡಬೇಕು. ಮಗುಚಿದಾಗ ಯಾವ ವಸ್ತು ಮುಳುಗಿತೋ ಅದಕ್ಕೆ ಹಗ್ಗ ಬೇಕೆಂಬುದು ಆಗ ತಾನಾಗಿಯೇ ತಿಳಿಯುತ್ತದೆ. ಏರಲು ಬಾರದವನು ಒಂಟಿಯಾಗಿ ಹೋಗತಕ್ಕದ್ದಲ್ಲ.

ಎರಡನೆಯ ಪರೀಕ್ಷೆಯು ಹರಿಯುವ ನೀರಿನಲ್ಲಿ. ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಕಾರ್ಕಳದ ಸೀಮೆಯನ್ನು ಹಾದು, ಮಣಿಪಾಲದ ಉತ್ತರಕ್ಕೆ ಹರಿದು ಹೋಗುವ ಸ್ವರ್ಣಾ ನದಿಯು ಬೇಸಗೆಯಲ್ಲಿ ಇದಕ್ಕೆ ಅನುಕೂಲವಾಗಿದೆ. ಮಳೆಗಾಲದಲ್ಲಿ ಮಾತ್ರ, ಮಣಿಪಾಲದಲ್ಲಿ ಬಿಸಿಲಿದ್ದರೂ ಘಟ್ಟದಲ್ಲಿ ಸುರಿದ ಮಳೆಯಿಂದ ನೆರೆಯೇರಬಹುದೆಂಬುದನ್ನು ಮರೆಯಬಾರದು.

ಹೊಳೆಯಿಂದ ಅಳಿವೆಗೆ

ಕೆಳಗಣ ಹೊಳೆಗಳಲ್ಲಿ ಕಡಲಿನ ಉಬ್ಬರ-ಇಳಿತಗಳು ಆಡುತ್ತವೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನವೂ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಸ್ವರ್ಣಾ ಮತ್ತು ಸೀತಾ ನದಿಗಳು ಕೋಡಿಬೆಂಗ್ರೆಯ ಬಳಿ ಕಡಲನ್ನು ಸೇರುತ್ತವೆ; ಉದ್ಯಾವರ ಹೊಳೆಯು ಕಡಲಿಗೆ ಸಮನಾಗಿ ಹರಿದು ಮಲ್ಪೆಯಲ್ಲಿ ಸೇರುತ್ತದೆ. ಹೊಸಬರಿಗೆ ಅಪಾಯವು ಇಂಥ ಅಳಿವೆಗಳಲ್ಲಿಯೇ ಹೆಚ್ಚು.

ಒಂದು ಲೆಕ್ಕವನ್ನು ನೋಡಬಹುದು. ತುಳಿದೋಣಿಯು ದಣಿವಿಲ್ಲದೆ ಗಂಟೆಗೆ ಸುಮಾರು 5 ಕಿಲೋಮೀಟರ್ ಹೋಗುವುದೆಂದು ಇಟ್ಟುಕೊಳ್ಳೋಣ. ಇಳಿತದ ಸೆಳವು ಗಂಟೆಗೆ 4 ಕಿಲೋಮೀಟರ್ ಇದ್ದರೆ, ಸೆಳವಿನೊಡನೆ ಒಂದು ಕಿಲೋಮೀಟರ್ ಹೋಗಲು 7 ನಿಮಿಷವೂ ಬೇಡ. ಅದೇ ದೂರವನ್ನು ಹಿಂದಿರುಗಲು ಒಂದು ಗಂಟೆ ಪೂರ್ತಿ ಬೇಕು. ಸೆಳವು 5 ಆದರೆ ಎಷ್ಟು ತುಳಿದರೂ ದೋಣಿಯು ಇದ್ದಲ್ಲಿಯೇ ಇರುತ್ತದೆ. ಆದುದರಿಂದ ಹೋಗುವಾಗ ಸೆಳವಿಗೆ ಎದುರಾಗಿ ಹೋಗಿ, ದಣಿದು ಹಿಂದಿರುಗುವಾಗ ಸೆಳವಿನ ನೆರವನ್ನು ಪಡೆಯುವಂತೆ ಹೊತ್ತನ್ನು ಗೊತ್ತುಮಾಡಬೇಕು.

ಗಾಳಿಗೂ ಇದೇ ನಿಯಮ. ಬೇಸಗೆಯ ಮುಂಜಾನೆ ನೆಲದಿಂದ ಬೀಸುವ ಗಾಳಿಯು ದಡದ ಬಳಿ ನೀರನ್ನು ಶಾಂತವಾಗಿ ತೋರಿಸುತ್ತಲೇ ಹಗುರವಾದ ದೋಣಿಯನ್ನು ಹೊರಗಡಲಿಗೆ ತಳ್ಳುತ್ತದೆ. ಮಧ್ಯಾಹ್ನದ ಕಡಲಗಾಳಿಯು ಅಲೆಯನ್ನೆಬ್ಬಿಸುತ್ತದೆ. ಕಾಪುವಿನಂಥ ತೆರೆದ ಕಡಲಿಗೆ ಇಳಿಯುವವರು ಇನ್ನೊಬ್ಬರ ಜೊತೆಯಲ್ಲಿ ಬೆಳಿಗ್ಗೆ ಬೇಗ ಇಳಿದು, ಕಡಲಗಾಳಿ ಬಲಿಯುವ ಮುನ್ನ ದಡ ಸೇರಬೇಕು. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ಅಲ್ಲಿನ ದೀಪಸ್ತಂಭವನ್ನು ಗುರುತಾಗಿಟ್ಟುಕೊಂಡರೆ ದೋಣಿಯು ಎಷ್ಟು ದೂರ ಸರಿಯಿತೆಂಬುದು ತಿಳಿಯುತ್ತದೆ. ಮರಳುನೆಲದ ಕಾಣೆ, ಬಂಡೆಯ ಸಂದಿನ ಮುರು, ಓಡುವ ಗಾಳಕ್ಕೆ ಬೀಳುವ ಅಂಜಲ ಇವು ಗಾಳಗಾರರು ಬಯಸುವ ಮೀನುಗಳು.

ಪತ್ತನಾಜೆ ಕಳೆದ ಮೇಲೆ ಕಡಲಿನ ಆಸೆಯನ್ನು ಬಿಡತಕ್ಕದ್ದು. ಪಶ್ಚಿಮ ಕರಾವಳಿಯಲ್ಲಿ ಯಂತ್ರದ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ಯಂತ್ರವಿಲ್ಲದ ದೋಣಿಗೆ ಅದು ತಗುಲದಿದ್ದರೂ ಮಳೆಗಾಲದ ಅಲೆಗೆ ಕಾನೂನಿನ ಭೇದವಿಲ್ಲ. ನೂಲಹುಣ್ಣಿಮೆಯ ಸಮುದ್ರಪೂಜೆಯಾಗುವವರೆಗೆ ಮೊಗವೀರರು ಕಾಯುವ ಪದ್ಧತಿಯ ಹಿಂದೆ ಅನುಭವವಿದೆ.

ಲಾಭಾಲಾಭ

ತುಳಿದೋಣಿಗೆ ಎಣ್ಣೆಯ ಖರ್ಚಿಲ್ಲ, ಸದ್ದಿಲ್ಲ, ಒಬ್ಬನೇ ನಡೆಸಬಹುದು. ಆದರೆ ವಿದೇಶದಿಂದ ತರಿಸಿದರೆ ಬೆಲೆಯ ಮೇಲೆ ಸುಂಕ, ಸಾಗಣೆಗಳೂ ಸೇರುತ್ತವೆ. ಇದರಲ್ಲಿ ದೊಡ್ಡ ಬಲೆಯನ್ನಾಗಲಿ ಬುಟ್ಟಿಗಟ್ಟಲೆ ಬಂಗುಡೆ-ಬೂತಾಯಿಗಳನ್ನಾಗಲಿ ತರಲಾಗದು. ಮೀನುಗಾರಿಕೆಯೇ ಜೀವನವಾಗಿರುವವರಿಗೆ ಊರ ದೋಣಿಯೇ ಮೇಲು. ಹೊಳೆಯ ದಡದಲ್ಲಿ ಮನೆಯಿದ್ದು ಮನೆಯ ಸಾರಿಗೆ ಮೀನು ಬಯಸುವವರಿಗೂ ಗಾಳದ ಹವ್ಯಾಸದವರಿಗೂ ತುಳಿದೋಣಿಯು ತಕ್ಕುದು. ನೋಂದಣಿ, ಪರವಾನಗಿಗಳ ವಿಷಯವನ್ನು ಕೊಳ್ಳುವ ಮೊದಲೇ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬೇಕು. ಇತರರು ಹೊಳೆಗೆ ಕಟ್ಟಿದ ಬಲೆ, ಪಂಜರಗಳಿಂದ ದೂರವಿರಬೇಕು. ತಿರುಗುಚಕ್ರಕ್ಕೆ ಸಿಕ್ಕಿ ಹರಿದ ಬಲೆಯು ಇನ್ನೊಬ್ಬರ ಅನ್ನವಾಗಿರುತ್ತದೆ.

ಪ್ರತಿಸಲವೂ ದಡ ಸೇರಿದ ಮೇಲೆ ಯಂತ್ರ, ಚುಕ್ಕಾಣಿ, ತಿರುಪುಗಳನ್ನು ಸಿಹಿನೀರಿನಿಂದ ತೊಳೆದು, ಒಣಗಿಸಿ, ತಯಾರಕರು ಹೇಳಿದಲ್ಲಿ ಕೊಬ್ಬೆಣ್ಣೆ ಸವರಿ ನೆರಳಿನಲ್ಲಿಡಬೇಕು. ಬೂಚನ್ನು ಬಿಚ್ಚಿ ಒಡಲೊಳಗೆ ಎಷ್ಟು ನೀರಿತ್ತೆಂದು ನೋಡಬೇಕು. ಹೆಚ್ಚಾಗಿದ್ದರೆ ಸೋರುವ ಜಾಗವನ್ನು ಕಂಡು ಮುಚ್ಚಿದ ಹೊರತು ಮರುದಿನ ನೀರಿಗಿಳಿಯತಕ್ಕದ್ದಲ್ಲ.