ಮನೆಯಲ್ಲೇ ಸೆಮಿನರಿ: ಸೇರುವ ಮುನ್ನ ಮೂರು ಪ್ರಶ್ನೆ

‘ದೈವಶಾಸ್ತ್ರ ಓದುತ್ತೇನೆ’ ಎಂದು ಮಗನೋ ಮಗಳೋ ಹೇಳಿದರೆ ಹಿಂದೆಲ್ಲ ಹಾಸಿಗೆ, ಪೆಟ್ಟಿಗೆ ಕಟ್ಟಿಕೊಂಡು ಮಂಗಳೂರಿಗೋ ಬೆಂಗಳೂರಿಗೋ ಹೊರಡಬೇಕಿತ್ತು. ಈಗ ಯಾದವಗಿರಿಯ ಮನೆಯ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕುಳಿತೇ ದೂರದ ಸೆಮಿನರಿಗೆ ಸೇರಬಹುದು. ಅರ್ಜಿ ತುಂಬಲು ಹತ್ತು ನಿಮಿಷ ಸಾಕು. ಆದರೆ ಮೂರು ನಾಲ್ಕು ವರ್ಷ ಓದಿದ ಮೇಲೆ ಆ ಪದವಿ ಎಲ್ಲಿ ನಡೆಯುತ್ತದೆ ಎಂಬುದನ್ನು ಮೊದಲೇ ತಿಳಿದುಕೊಳ್ಳಬೇಕು.

ದೂರದಿಂದ ಕಲಿಯುವುದು ಮೈಸೂರಿಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ಶಿಕ್ಷಣ ಆರಂಭಿಸಿತು. 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇದೇ ಊರಿನಲ್ಲಿ ಹುಟ್ಟಿತು. ಕ್ರೈಸ್ತ ಸಭೆಗಳಿಗೂ ಇದು ಹೊಸದಲ್ಲ. ಊರು, ಉದ್ಯೋಗ ಬಿಟ್ಟು ಬರಲಾಗದವರಿಗಾಗಿ 1963ರಲ್ಲಿ ಗ್ವಾಟೆಮಾಲಾದ ಒಂದು ಸೆಮಿನರಿ ಪಾಠವನ್ನೇ ಅವರ ಬಳಿಗೆ ಒಯ್ದಿತು. ಅದೇ ಮಾದರಿಯಲ್ಲಿ 1971ರಲ್ಲಿ ಬೆಂಗಳೂರಿನಲ್ಲಿ ‘ಟಾಫ್ಟೀ’ ಸಂಸ್ಥೆ ಶುರುವಾಯಿತು. ಮನೆಯಲ್ಲಿ ಓದು, ಆಗಾಗ ಗುಂಪಾಗಿ ಸೇರಿ ಬೋಧಕರೊಡನೆ ಚರ್ಚೆ ಎಂಬುದು ಅದರ ಕ್ರಮ. ಆನ್‌ಲೈನ್ ಸೆಮಿನರಿಯಲ್ಲಿ ಈ ಎರಡನೆಯ ಭಾಗ ಇದೆಯೇ ಎಂದು ಮೊದಲು ನೋಡಿ.

ಓದುವುದು ಯಾತಕ್ಕೆ?

ಇದು ಮೊದಲ ಪ್ರಶ್ನೆ. ಬೈಬಲ್ ಜ್ಞಾನಕ್ಕಾಗಿ, ಭಾನುವಾರದ ಶಾಲೆಯಲ್ಲಿ ಪಾಠ ಹೇಳುವುದಕ್ಕಾಗಿ ಎಂದಾದರೆ ಆನ್‌ಲೈನ್ ಕೋರ್ಸು ಧಾರಾಳವಾಗಿ ಸಾಕು. ಪಾದ್ರಿಯಾಗುವುದಕ್ಕೆ ಎಂದಾದರೆ ಮಾತು ಬೇರೆ. ಕ್ಯಾಥೊಲಿಕ್ ಧರ್ಮಸಭೆಯ ಕಾನೂನಿನಂತೆ ತತ್ತ್ವಶಾಸ್ತ್ರ, ದೈವಶಾಸ್ತ್ರ ಸೇರಿ ಕನಿಷ್ಠ ಆರು ವರ್ಷಗಳ ವ್ಯಾಸಂಗ ಬೇಕು. ಧರ್ಮಪ್ರಾಂತ ಅಥವಾ ಗುರುಸಂಘವೇ ಅಭ್ಯರ್ಥಿಯನ್ನು ಸೆಮಿನರಿಗೆ ಕಳಿಸುತ್ತದೆ. ಪ್ರೊಟೆಸ್ಟಂಟರಲ್ಲಿ ದಕ್ಷಿಣ ಭಾರತ ಸಭೆಯಂಥ ಸಭೆಗಳು ತಾವು ಒಪ್ಪಿದ ಕಾಲೇಜಿನ ಪದವಿಯನ್ನು ಕೇಳುತ್ತವೆ. ಬಾಸೆಲ್ ಮಿಶನ್‌ನವರು 1847ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಸೆಮಿನರಿಯ ಪರಂಪರೆಯಲ್ಲಿ ಬಂದ, 1965ರಲ್ಲಿ ಇಂದಿನ ರೂಪ ಪಡೆದ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಅಂಥದ್ದು. ಅಲ್ಲಿ ವಾಸವಿದ್ದು ಓದುವ ಪದ್ಧತಿಗೆ ಕಾರಣವಿದೆ. ರೋಗಿಯ ಹಾಸಿಗೆಯ ಬಳಿ, ಸಾವಿನ ಮನೆಯಲ್ಲಿ ಏನು ಮಾತಾಡಬೇಕೆಂಬುದನ್ನು ಹಿರಿಯರ ಜೊತೆಗಿದ್ದೇ ಕಲಿಯಬೇಕು.

ಪದವಿ ಯಾರದು?

ನಮ್ಮ ದೇಶದಲ್ಲಿ ದೈವಶಾಸ್ತ್ರ ಪದವಿಗೆ ಹೆಸರಾದದ್ದು ಸೆರಾಂಪುರ ಕಾಲೇಜಿನ ಸೆನೆಟ್. ವಿಲಿಯಂ ಕೇರಿ ಮತ್ತು ಸಂಗಡಿಗರು 1818ರಲ್ಲಿ ಕಟ್ಟಿದ ಈ ಕಾಲೇಜಿಗೆ 1827ರಲ್ಲಿ ಡೆನ್ಮಾರ್ಕಿನ ದೊರೆ ಪದವಿ ನೀಡುವ ಸನ್ನದು ಕೊಟ್ಟ. ಕೆಲಸ ಬಿಡದೆ ಬಾಹ್ಯ ವಿದ್ಯಾರ್ಥಿಯಾಗಿ ಓದಲು ಬಿ.ಸಿ.ಎಸ್. ಎಂಬ ಕೋರ್ಸೂ ಸೆನೆಟ್‌ನಲ್ಲಿದೆ. ಧರ್ಮವನ್ನು ವಿಶ್ವವಿದ್ಯಾನಿಲಯದ ವಿಷಯವಾಗಿ ಓದಬೇಕೆನ್ನುವವರಿಗೆ ಮಾನಸಗಂಗೋತ್ರಿಯಲ್ಲೇ ಕ್ರೈಸ್ತಧರ್ಮ ಅಧ್ಯಯನ ವಿಭಾಗವಿದೆ.

ಹೊರದೇಶದ ಪದವಿಯಾದರೆ ಇನ್ನಷ್ಟು ಎಚ್ಚರ ಬೇಕು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಧಾರ್ಮಿಕ ಸಂಸ್ಥೆಗಳು ಮಾನ್ಯತೆಯಿಲ್ಲದೆಯೂ ಧಾರ್ಮಿಕ ಪದವಿ ಕೊಡಲು ಕಾನೂನಿನ ಅಡ್ಡಿಯಿಲ್ಲ. ಆದ್ದರಿಂದ ಆ ಸೆಮಿನರಿಯ ಹೆಸರು ಅಲ್ಲಿನ ‘ಅಸೋಸಿಯೇಷನ್ ಆಫ್ ಥಿಯಲಾಜಿಕಲ್ ಸ್ಕೂಲ್ಸ್’ನಂಥ ಮಾನ್ಯತಾ ಸಂಸ್ಥೆಯ ಪಟ್ಟಿಯಲ್ಲಿದೆಯೇ ಎಂದು ನೀವೇ ನೋಡಬೇಕು, ಅವರ ಜಾಹೀರಾತಿನ ಮಾತು ಸಾಲದು. ಅಲ್ಲಿ ಮಾನ್ಯತೆ ಇದ್ದ ಮಾತ್ರಕ್ಕೆ ಇಲ್ಲಿ ಸರ್ಕಾರಿ ಕೆಲಸಕ್ಕೋ ಬಿ.ಎಡ್.ಗೋ ಆ ಪದವಿ ಸಲ್ಲುತ್ತದೆಂದೂ ಇಲ್ಲ. ಅದಕ್ಕೆ ಯುಜಿಸಿಯ ನಿಯಮಗಳೇ ಬೇರೆ.

ಖರ್ಚೆಷ್ಟು, ಹೊತ್ತೆಷ್ಟು?

ಅಲ್ಲಿ ಶುಲ್ಕವನ್ನು ವರ್ಷಕ್ಕಿಷ್ಟು ಎನ್ನದೆ ಕ್ರೆಡಿಟ್‌ಗೆ ಇಷ್ಟು ಡಾಲರ್ ಎಂದು ಹೇಳುವುದು ವಾಡಿಕೆ. ಪದವಿಗೆ ಬೇಕಾದ ಒಟ್ಟು ಕ್ರೆಡಿಟ್‌ಗಳಿಂದ ಗುಣಿಸಿ, ರೂಪಾಯಿಗೆ ತಂದು, ಪುಸ್ತಕ, ಪರೀಕ್ಷೆಗಳ ಖರ್ಚು ಸೇರಿಸಿ ನೋಡಿ. ನಡುವೆ ಬಿಟ್ಟರೆ ಹಣ ವಾಪಸು ಬರುತ್ತದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ನ್ಯೂಯಾರ್ಕಿನಲ್ಲಿ ಸಂಜೆ ಏಳರ ತರಗತಿ ಎಂದರೆ ನಮಗೆ ಬೆಳಗಿನ ಜಾವ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ. ಹಗಲು ಕಾಲೇಜಿಗೋ ಕೆಲಸಕ್ಕೋ ಹೋಗುವವರು ಇದನ್ನೂ ಲೆಕ್ಕ ಹಾಕಬೇಕು.

ಇನ್ನೊಂದು ಮಾತು. ಪಾಠವೆಲ್ಲ ಇಂಗ್ಲಿಷಿನಲ್ಲಿ, ನಾಳೆ ಪ್ರಸಂಗ ಹೇಳಬೇಕಾದದ್ದು ಕನ್ನಡದಲ್ಲಿ. ಆದ್ದರಿಂದ ಓದಿನ ಜೊತೆಗೇ ಊರಿನ ಸಭಾಪಾಲಕರ ಕೈಕೆಳಗೆ ಕೆಲಸ ಕಲಿಯಲು ಅವಕಾಶ ಕೇಳಿ. ಓದುವುದು ಸಭೆಯ ಸೇವೆಗಾಗಿಯೇ ಆದರೆ, ಮೊದಲ ಕಂತಿನ ಹಣ ಕಟ್ಟುವ ಮುನ್ನ ನಿಮ್ಮ ಸಭೆಯ ಹಿರಿಯರನ್ನು ಕಂಡು, ‘ಈ ಪದವಿಯನ್ನು ನೀವು ಒಪ್ಪುತ್ತೀರಾ?’ ಎಂದು ಕೇಳಿ, ಉತ್ತರವನ್ನು ಕಾಗದದ ಮೇಲೆ ಪಡೆದುಕೊಳ್ಳಿ.