ಬೀಗವನ್ನೇ ಬದಲಿಸಬೇಕೇ, ಕೀಲಿಕೈ ಬದಲಾದರೆ ಸಾಕೇ?

ಮೇ ತಿಂಗಳು ಬಂತೆಂದರೆ ವಿಲೆ ಪಾರ್ಲೆಯಲ್ಲಿ ನಮ್ಮವರ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಮಕ್ಕಳಿಗೆ ರಜೆ, ಊರಿನಲ್ಲಿ ಮದುವೆ, ಬ್ರಹ್ಮಕಲಶ, ನೇಮ. ಮತ್ಸ್ಯಗಂಧ ರೈಲಿನ ಟಿಕೆಟು ಮೊದಲೇ ಆಗಿರುತ್ತದೆ. ಹೊರಡುವ ವಾರ ಬಾಗಿಲಿನ ಚಿಂತೆ ಶುರುವಾಗುತ್ತದೆ. ಮನೆಗೆಲಸ ಬಿಟ್ಟುಹೋದ ಬಾಯಿ ಚಾವಿ ಹಿಂದಿರುಗಿಸಲಿಲ್ಲ. ಲೋಕಲ್‌ನಲ್ಲಿ ಬ್ಯಾಗ್ ಕಳೆದಾಗ ಒಂದು ಸೆಟ್ ಅದರ ಜೊತೆಗೇ ಹೋಯಿತು. ಹಿಂದಿನ ಬಾಡಿಗೆಯವರು ಎರಡು ಕೀಲಿಕೈ ಕೊಟ್ಟು ಹೋದರು, ಮೂರನೆಯದರ ಸುದ್ದಿಯೇ ಇಲ್ಲ. ಬಡಗಿಯನ್ನು ಕರೆಸಿದರೆ ಅವನದು ಒಂದೇ ಉತ್ತರ: "ಪೂರಾ ಲಾಕ್ ಬದಲ್ ದೋ ಸಾಬ್." ಬಹಳ ಸಲ ಅದು ಬೇಡದ ಖರ್ಚು. ಕೆಲವು ಸಲ ಅಷ್ಟು ಖರ್ಚು ಮಾಡಿಯೂ ಪ್ರಯೋಜನವಿಲ್ಲ.

ದುಡ್ಡು ಬಿಚ್ಚುವ ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟೇ: ತೊಂದರೆ ಕೀಲಿಕೈಯದೋ, ಬೀಗದ್ದೋ, ಬಾಗಿಲಿನದೋ? ಯಾರ ಕೈಯಲ್ಲಿ ಕೀಲಿಕೈ ಇದೆ ಎಂಬುದೇ ಗೊತ್ತಿಲ್ಲವೆಂದರೆ ಅದು ಕೀಲಿಕೈಯ ತೊಂದರೆ. ಒಳಗಿನ ಭಾಗ ಸವೆದಿದ್ದರೆ, ತುಕ್ಕು ಹಿಡಿದಿದ್ದರೆ, ಹೊಡೆತ ತಿಂದಿದ್ದರೆ ಅದು ಬೀಗದ ತೊಂದರೆ. ಚೌಕಟ್ಟೇ ಗೆದ್ದಲು ತಿಂದು ಟೊಳ್ಳಾಗಿದ್ದರೆ ಎಷ್ಟು ದುಬಾರಿಯ ಬೀಗ ತಂದರೂ ಒಂದು ಕಬ್ಬಿಣದ ಸಲಾಕೆಯ ಮುಂದೆ ಅದು ನಿಲ್ಲದು. ಈ ಮೂರನ್ನೂ ಒಂದೇ ಎಂದುಕೊಳ್ಳುವುದರಿಂದಲೇ ತಪ್ಪು ಜಾಗದಲ್ಲಿ ಹಣ ಸುರಿಯುತ್ತೇವೆ.

ಬೀಗ ಅದೇ ಇದ್ದು ಕೀಲಿಕೈ ಮಾತ್ರ ಬೇರೆಯಾಗುವುದು ಹೇಗೆ? ನಮ್ಮ ಫ್ಲಾಟುಗಳ ಲ್ಯಾಚಿನಲ್ಲಿ, ಸಿಲಿಂಡರ್ ಬೀಗದಲ್ಲಿ ಇರುವುದು ಪಿನ್ನುಗಳ ಏರ್ಪಾಡು. ಚಪ್ಪಟೆ ಕೀಲಿಕೈಯ ಈ ಸಿಲಿಂಡರಿಗೆ ಅಮೆರಿಕದ ಲೈನಸ್ ಯೇಲ್ 1860ರ ದಶಕದಲ್ಲಿ ಪೇಟೆಂಟ್ ಪಡೆದ. ಇಂದಿಗೂ ತತ್ತ್ವ ಅದೇ. ಹೊರಗೆ ಅಲುಗಾಡದ ಕವಚ, ಒಳಗೆ ತಿರುಗುವ ಉರುಳೆ. ಎರಡರಲ್ಲೂ ಒಂದೇ ಸಾಲಿನಲ್ಲಿ ಐದೋ ಆರೋ ಸಣ್ಣ ತೂತುಗಳು. ಪ್ರತಿ ತೂತಿನಲ್ಲೂ ಕೆಳಗೊಂದು ಪಿನ್, ಅದರ ಮೇಲೆ ಇನ್ನೊಂದು, ಎಲ್ಲಕ್ಕಿಂತ ಮೇಲೆ ಸ್ಪ್ರಿಂಗ್. ಕೀಲಿಕೈ ಇಲ್ಲದಾಗ ಮೇಲಿನ ಪಿನ್ನುಗಳು ಸ್ಪ್ರಿಂಗಿನ ಒತ್ತಡಕ್ಕೆ ಕೆಳಗಿಳಿದು ಕವಚಕ್ಕೂ ಉರುಳೆಗೂ ನಡುವೆ ಅಡ್ಡ ಕೂತಿರುತ್ತವೆ, ಉರುಳೆ ತಿರುಗದು. ಸರಿಯಾದ ಕೀಲಿಕೈಯ ಹಲ್ಲುಗಳು ಒಂದೊಂದು ಪಿನ್ನನ್ನೂ ಬೇಕಾದಷ್ಟೇ ಎತ್ತಿದಾಗ ಜೋಡಿ ಪಿನ್ನುಗಳ ಸಂದುಗಳೆಲ್ಲ ಒಂದೇ ಗೆರೆಗೆ ಬರುತ್ತವೆ. ಆಗ ಉರುಳೆ ತಿರುಗುತ್ತದೆ.

ಅಂದರೆ ಬೀಗಕ್ಕೆ ತನ್ನ ಕೀಲಿಕೈಯ ಗುರುತು ಇರುವುದು ಕೆಳಗಿನ ಪಿನ್ನುಗಳ ಉದ್ದದಲ್ಲಿ ಮಾತ್ರ. ಉರುಳೆಯನ್ನು ಜೋಪಾನವಾಗಿ ಹೊರತೆಗೆದು, ಆ ಪಿನ್ನುಗಳನ್ನು ತೆಗೆದು ಬೇರೆ ಉದ್ದದವನ್ನು ಹಾಕಿದರೆ ಹಳೆಯ ಕೀಲಿಕೈಗಳೆಲ್ಲ ಒಂದೇ ಏಟಿಗೆ ನಿರುಪಯೋಗಿ. ಬೋಲ್ಟು, ಹಿಡಿಕೆ, ಬಾಗಿಲಿನ ತೂತು ಯಾವುದನ್ನೂ ಮುಟ್ಟಬೇಕಿಲ್ಲ. ಆದರೆ ಬೀಗದ ಬಲವೂ ಮೊದಲಿದ್ದಷ್ಟೇ ಇರುತ್ತದೆ, ಒಂದು ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಯಾರು ಒಳಬರಬಹುದು ಎಂಬುದು ಬದಲಾಗುತ್ತದೆ, ಒಡೆಯಲು ಎಷ್ಟು ಕಷ್ಟ ಎಂಬುದು ಬದಲಾಗುವುದಿಲ್ಲ.

ಪಿನ್ ಬದಲಿಸುವ ಈ ಕೆಲಸಕ್ಕೆ ಬೇರೆ ಬೇರೆ ಉದ್ದದ ಪಿನ್ನುಗಳ ಪೆಟ್ಟಿಗೆ ಬೇಕು, ಕೈಪಳಗಿದವರು ಬೇಕು. ಪಾರ್ಲೆ ಸ್ಟೇಷನ್ ಸುತ್ತಮುತ್ತ ನಕಲಿ ಚಾವಿ ಕಡಿದುಕೊಡುವವರು ಸಿಗುತ್ತಾರೆ. ಪಿನ್ನು ಬದಲಿಸಿ ಕೊಡುವವರು ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ನಮ್ಮಲ್ಲಿ ಇದಕ್ಕೊಂದು ನಡುವಿನ ದಾರಿ ಇದೆ, ನನ್ನ ಪ್ರಕಾರ ಬಹುಪಾಲು ಮನೆಗಳಿಗೆ ಅದೇ ಸರಿಯಾದ ದಾರಿ: ಬೀಗದ ದೇಹವನ್ನು ಹಾಗೆಯೇ ಬಿಟ್ಟು ಸಿಲಿಂಡರನ್ನಷ್ಟೇ ಬದಲಿಸುವುದು.

ಈಗಿನ ಎಷ್ಟೋ ಕಟ್ಟಡಗಳ ಬಾಗಿಲಲ್ಲಿ ಹಿಡಿಕೆಯ ಕೆಳಗೆ, ಮೇಲೆ ದುಂಡಗೆ ಕೆಳಗೆ ಉದ್ದಕ್ಕಿರುವ ಸಿಲಿಂಡರ್ ಕಾಣುತ್ತದೆ. ಬಾಗಿಲಿನ ದಪ್ಪದೊಳಗೆ ಕೂರಿಸಿದ ಇಂಥ ಬೀಗಕ್ಕೆ ಮಾರ್ಟಿಸ್ ಲಾಕ್ ಎನ್ನುತ್ತಾರೆ. ಬಾಗಿಲು ತೆರೆದಿಟ್ಟು ಅದರ ಅಂಚನ್ನು ನೋಡಿ. ಬೋಲ್ಟು ಹೊರಬರುವ ಉದ್ದನೆಯ ಲೋಹದ ಪಟ್ಟಿಯಲ್ಲಿ, ಸಿಲಿಂಡರಿನ ಮಟ್ಟಕ್ಕೆ ಸರಿಯಾಗಿ ಒಂದು ಉದ್ದನೆಯ ಸ್ಕ್ರೂ ಇರುತ್ತದೆ. ಅದನ್ನು ಪೂರ್ತಿ ಬಿಚ್ಚಿ. ಕೀಲಿಕೈಯನ್ನು ಸಿಲಿಂಡರಿಗೆ ಹಾಕಿ ತುಸು ಎಡಕ್ಕೆ, ತುಸು ಬಲಕ್ಕೆ ತಿರುಗಿಸುತ್ತ ಮೆಲ್ಲನೆ ಎಳೆಯಿರಿ. ನಡುವೆ ಚಾಚಿಕೊಂಡಿರುವ ಕ್ಯಾಮ್ ಸಿಲಿಂಡರಿನ ಮೈಗೆ ಸಮನಾದ ಕೂಡಲೇ ಇಡೀ ಸಿಲಿಂಡರ್ ಜಾರಿ ಕೈಗೆ ಬರುತ್ತದೆ. ಎಳೆದರೂ ಬಾರದಿದ್ದರೆ ಬಲ ಹಾಕಬೇಡಿ, ಕ್ಯಾಮ್ ಇನ್ನೂ ಸಮನಾಗಿಲ್ಲ ಎಂದಷ್ಟೇ ಅರ್ಥ.

ಹಳೆಯದನ್ನೇ ಅಂಗಡಿಗೆ ಒಯ್ಯುವುದು ಒಳ್ಳೆಯದು. ಆಗದಿದ್ದರೆ ಅಳತೆ ಬರೆದುಕೊಳ್ಳಿ. ಸ್ಕ್ರೂ ತೂತಿನ ನಡುವಿನಿಂದ ಒಂದು ತುದಿಗೆ ಎಷ್ಟು, ಇನ್ನೊಂದು ತುದಿಗೆ ಎಷ್ಟು ಎಂದು ಬೇರೆ ಬೇರೆಯಾಗಿ ಅಳೆಯಬೇಕು. 30 ಮತ್ತು 30 ಸೇರಿದರೆ 60 ಮಿಲಿಮೀಟರ್, 35 ಮತ್ತು 35 ಸೇರಿದರೆ 70. ಆದರೆ 30 ಮತ್ತು 40 ಕೂಡ 70 ಆಗುತ್ತದೆ, ಅದು ಬೇರೆಯೇ ಸಿಲಿಂಡರ್. ಈ ಅಳತೆಗೆ ಭದ್ರತೆಯ ದೃಷ್ಟಿಯಿಂದಲೂ ಬೆಲೆಯಿದೆ. ಹೊರಗಡೆ ಸಿಲಿಂಡರ್ ತನ್ನ ಸುತ್ತಲಿನ ತಟ್ಟೆಗಿಂತ ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ಹೊರಚಾಚಿದ್ದರೆ ಇಕ್ಕಳಕ್ಕೆ ಹಿಡಿತ ಸಿಗುತ್ತದೆ. ಸ್ಕ್ರೂ ತೂತು ಇರುವ ನಡುಭಾಗವೇ ಸಿಲಿಂಡರಿನ ಅತಿ ತೆಳುವಾದ ಜಾಗ. ಹಿಡಿದು ಅಲುಗಾಡಿಸಿದರೆ ಅಲ್ಲೇ ಮುರಿಯುತ್ತದೆ. ಉದ್ದ ಹೆಚ್ಚಾದ ಸಿಲಿಂಡರನ್ನು "ಚಲೇಗಾ" ಎಂದು ಹಾಕಿಹೋಗುವ ಕೆಲಸಗಾರನಿಗೆ ನೀವು ಬೇಡ ಎನ್ನಲೇಬೇಕು.

ಹಳೆಯ ಕಟ್ಟಡಗಳಲ್ಲಿ ಬಾಗಿಲಿನ ಒಳಮೈಗೆ ಕೂರಿಸಿದ ನೈಟ್ ಲ್ಯಾಚೇ ಹೆಚ್ಚು. ಅದರ ಸಿಲಿಂಡರ್ ಬಿಡಿಯಾಗಿ ಸಿಗುತ್ತದೆಯೇ ಎಂಬುದು ಮಾದರಿಯ ಮೇಲೆ ಹೋಗುತ್ತದೆ. ಲಾಕಿನ ಮೇಲಿರುವ ಕಂಪನಿಯ ಹೆಸರು, ಮಾದರಿ ನೋಡಿ ಅವರ ಸರ್ವಿಸ್‌ನವರನ್ನೇ ಕೇಳುವುದು ಲೇಸು. ಕೆಲವು ಹೊಸ ಲಾಕುಗಳ ಜೊತೆ ಹೆಚ್ಚುವರಿ ಕೀಲಿಕೈಗಳ ಗುಂಪೊಂದು ಮುಚ್ಚಿದ ಪೊಟ್ಟಣದಲ್ಲಿ ಬರುತ್ತದೆ. ಅದನ್ನು ಹಾಕಿ ಒಮ್ಮೆ ತಿರುಗಿಸಿದರೆ ಮೊದಲಿನ ಗುಂಪು ಕೆಲಸ ನಿಲ್ಲಿಸುತ್ತದೆ. ಮನೆ ಬದಲಿಸಿ ಸಾಮಾನು ಸಾಗಿಸುವಾಗ ಈ ಪೊಟ್ಟಣವನ್ನು ಕಸವೆಂದು ಎಸೆದವರಿದ್ದಾರೆ. ನಿಮ್ಮ ಕಪಾಟಿನಲ್ಲಿ ಇದೆಯೇ, ಒಮ್ಮೆ ಹುಡುಕಿ ನೋಡಿ.

ಲಿವರ್ ಬೀಗದ ಕತೆ ಬೇರೆ. ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ 1778ರಲ್ಲಿ ಪೇಟೆಂಟ್ ಪಡೆದ ಏರ್ಪಾಡು ಅದು: ಒಂದರ ಮೇಲೊಂದು ಕೂತ ತಗಡುಗಳನ್ನು ಕೀಲಿಕೈ ನಿಗದಿಯಾದ ಎತ್ತರಕ್ಕೆ ಎತ್ತಿದರೆ ಬೋಲ್ಟು ಸರಿಯುತ್ತದೆ. ತಗಡುಗಳ ಕ್ರಮ ಬದಲಿಸಿ ಹೊಸ ಕೀಲಿಕೈ ಕಡಿಯಬಹುದು, ಆದರೆ ಅದಕ್ಕೆ ಪರಿಣತ ಬೇಕು. ನಮ್ಮ ಕಡಿ-ಕೊಯಂಡಾಕ್ಕೆ ಹಾಕುವ ನೇತಾಡುವ ಬೀಗಗಳು ಬಹುತೇಕ ಇದೇ ಜಾತಿಯವು. ಅವುಗಳ ಮೈಯನ್ನು ರಿವೆಟ್ ಹೊಡೆದು ಮುಚ್ಚಿರುತ್ತಾರೆ. ಅಲ್ಲಿ ಯೋಚನೆಯೇ ಬೇಡ, ಹೊಸದನ್ನು ತನ್ನಿ. ಬೀಗದ ಊರೆಂದರೆ ಎಲ್ಲರೂ ಅಲೀಗಢವನ್ನು ನೆನೆಯುತ್ತಾರೆ, ದಿಂಡಿಗಲ್ಲಿನ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ಮುಂಬಯಿಯೂ ಹಿಂದೆ ಬಿದ್ದದ್ದಲ್ಲ. ವಕೀಲಿಕೆ ಬಿಟ್ಟ ಅರ್ದೇಶಿರ್ ಗೋದ್ರೇಜ್ 1897ರಲ್ಲಿ ಬೀಗ ತಯಾರಿಸಲು ತೊಡಗಿದ್ದು ಇದೇ ನಗರದ ಲಾಲ್‌ಬಾಗಿನಲ್ಲಿ.

ಇಡೀ ಬೀಗವನ್ನೇ ಬದಲಿಸಬೇಕಾದ ಸಂದರ್ಭಗಳು ಸ್ಪಷ್ಟವಾಗಿಯೇ ಇವೆ. ಒಮ್ಮೆ ಯಾರಾದರೂ ಒಡೆಯಲು ನೋಡಿದ ಬೀಗವನ್ನು ಇಟ್ಟುಕೊಳ್ಳಬೇಡಿ. ಹೊರಗಿನಿಂದ ನೆಟ್ಟಗೆ ಕಂಡರೂ ಒಳಗೆ ಬೋಲ್ಟು ಬಾಗಿರಬಹುದು. ಹೊಚ್ಚ ಹೊಸದಾಗಿ ಕಡಿಸಿದ ಕೀಲಿಕೈಯೂ ಒಳಗೆ ಅಲ್ಲಾಡಿಸಿದರೆ ಮಾತ್ರ ತಿರುಗುತ್ತದೆ ಎಂದಾದರೆ ಪಿನ್ನುಗಳು ಸವೆದಿರಬಹುದು, ಬೇರೆ ಕೀಲಿಕೈಗೂ ತೆರೆದುಕೊಳ್ಳುವ ಹಂತಕ್ಕೆ ಬೀಗ ಹತ್ತಿರವಾಗಿರಬಹುದು; ಸಿಲಿಂಡರ್ ಬಿಡಿಯಾಗಿ ಸಿಗದಿದ್ದರೆ ಬೀಗವನ್ನೇ ಬದಲಿಸಿ. ಜುಹೂ ಬದಿಗೆ ಹೋದಷ್ಟೂ ಉಪ್ಪುಗಾಳಿಯ ಕಾಟ ಹೆಚ್ಚು. ಅಗ್ಗದ ಲೋಹದ ಬೀಗದ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದರೆ ಒಂದು ದಿನ ನೀವು ಮನೆಯ ಹೊರಗೇ ನಿಲ್ಲಬೇಕಾಗುತ್ತದೆ.

ಆದರೆ ಜುಲೈಯಲ್ಲಿ ಬಾಗಿಲು ಹಾಕುವಾಗ ಲ್ಯಾಚ್ ಬೀಳದಿದ್ದರೆ ಬೀಗವನ್ನು ದೂರಬೇಡಿ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬಾಗಿಲು ಒಂದಿಷ್ಟು ಜಗ್ಗುತ್ತದೆ, ಬೋಲ್ಟು ಚೌಕಟ್ಟಿನ ತೂತಿಗೆ ಸರಿಯಾಗಿ ಹೊಂದುವುದಿಲ್ಲ. ಬಾಗಿಲು ತೆರೆದಿರುವಾಗಲೇ ಕೀಲಿಕೈ ತಿರುಗಿಸಿ ನೋಡಿ. ಆಗ ಸಲೀಸಾಗಿ ತಿರುಗಿದರೆ ಬೀಗ ಚೆನ್ನಾಗಿದೆ. ಬೇಕಾದದ್ದು ಬಡಗಿಯ ಉಳಿ ಅಥವಾ ಕೀಲುಗಳಿಗೆ ಸ್ವಲ್ಪ ಬಿಗಿ. ಬಿಗಿಯಾದ ಸಿಲಿಂಡರಿಗೆ ತೆಂಗಿನೆಣ್ಣೆ ಬಿಡುವ ಅಭ್ಯಾಸವನ್ನೂ ಕೈಬಿಡಬೇಕು. ಎಣ್ಣೆ ಧೂಳನ್ನು ಹಿಡಿದು ಅಂಟಾಗುತ್ತದೆ. ಗ್ರಾಫೈಟ್ ಪುಡಿ ಸಾಕು. ಕೀಲಿಕೈಗೆ ಸೀಸದ ಕಡ್ಡಿ ಉಜ್ಜಿ ನಾಲ್ಕು ಸಲ ಒಳಗೆ ಹೊರಗೆ ಮಾಡಿದರೂ ಗುಣ ಕಾಣುತ್ತದೆ.

ಕೀಲಿಕೈ ಕಳೆದಾಗ ಅದು ಹೇಗೆ ಕಳೆಯಿತು ಎಂಬುದನ್ನು ನೋಡಿ. ಬರೀ ಕೀಲಿಕೈ ಎಲ್ಲೋ ಬಿದ್ದುಹೋದರೆ ಸಿಕ್ಕವನಿಗೆ ಬಾಗಿಲು ಯಾವುದೆಂದು ತಿಳಿಯದು. ಆಧಾರ್ ಕಾರ್ಡೋ ಲೈಟ್ ಬಿಲ್ಲೋ ಇದ್ದ ಚೀಲದ ಜೊತೆ ಹೋಗಿದ್ದರೆ ಆ ಸಂಜೆಯೇ ಸಿಲಿಂಡರ್ ಬದಲಾಗಬೇಕು. ಇದರಲ್ಲಿ ವಿಮೆಯ ಮಾತೂ ಇದೆ. ಮನೆಗಳ್ಳತನದ ವಿಮೆಯಲ್ಲಿ ಸಾಮಾನ್ಯವಾಗಿ ಬಲವಂತವಾಗಿ ಒಳನುಗ್ಗಿದ ಗುರುತು ಬೇಕೆಂಬ ಷರತ್ತು ಇರುತ್ತದೆ. ಕಳ್ಳ ಕೀಲಿಕೈ ಹಾಕಿ ತೆರೆದು, ಹೋಗುವಾಗ ಬಾಗಿಲು ಎಳೆದುಕೊಂಡು ಹೋದರೆ ಅಂಥ ಗುರುತು ಎಲ್ಲಿಂದ ತರುವುದು? ನಿಮ್ಮ ಪಾಲಿಸಿಯ ಆ ಸಾಲನ್ನು ಓದಿಕೊಳ್ಳಿ.

ಪಾರ್ಲೆಯವರಿಗೆ ಇನ್ನೊಂದು ಸಂದರ್ಭ ವಿಶೇಷವಾಗಿ ಎದುರಾಗುತ್ತದೆ. ವಿಮಾನ ನಿಲ್ದಾಣದ ಪಕ್ಕದಲ್ಲಿರುವುದರಿಂದ ಇಲ್ಲಿ ಕಟ್ಟಡಗಳ ಎತ್ತರಕ್ಕೆ ಮಿತಿ. ಹಳೆಯ ಸೊಸೈಟಿಗಳು ಎಷ್ಟೋ ವರ್ಷ ಕಾದು ಪುನರ್ನಿರ್ಮಾಣಕ್ಕೆ ಹೋಗಿವೆ, ಹೋಗುತ್ತಿವೆ. ಮರಳಿ ಹೊಸ ಮನೆಗೆ ಬಂದ ದಿನ ಬಿಲ್ಡರ್ ಕೊಡುವ ಕೀಲಿಕೈ ಅದಕ್ಕೂ ಮೊದಲು ಬಡಗಿ, ಬಣ್ಣದವ, ಟೈಲ್ಸಿನವ, ಸೈಟಿನ ಮೇಲ್ವಿಚಾರಕ ಇವರೆಲ್ಲರ ಕೈಯಲ್ಲಿ ಓಡಾಡಿರುತ್ತದೆ. ಬೀಗ ಹೊಸದು, ಬದಲಿಸುವ ಅಗತ್ಯವಿಲ್ಲ. ಸಿಲಿಂಡರನ್ನು ಮಾತ್ರ ಗೃಹಪ್ರವೇಶಕ್ಕೆ ಮೊದಲೇ ಬದಲಿಸಿ. ಒಳಾಂಗಣದ ಕೆಲಸ ಬಾಕಿಯಿದ್ದರೆ ಆ ಕೆಲಸ ಮುಗಿದ ಮೇಲೆಯೇ ಬದಲಿಸಿ, ಇಲ್ಲದಿದ್ದರೆ ಎರಡು ಸಲ ಖರ್ಚು.

ಬಾಡಿಗೆಯ ಮನೆಯಲ್ಲಿ ಬೀಗ ಮಾಲೀಕರದು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಂ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಒಪ್ಪಂದ ಲಿಖಿತವಾಗಿದ್ದು ನೋಂದಣಿಯಾಗಲೇಬೇಕು. ನೋಂದಣಿ ಮಾಡಿಸುವ ಹೊಣೆ ಮಾಲೀಕರದು. ಆ ಒಪ್ಪಂದದಲ್ಲೇ ಎಷ್ಟು ಕೀಲಿಕೈ ಕೊಟ್ಟರು, ಸಿಲಿಂಡರ್ ಬದಲಿಸಿದರೆ ಖರ್ಚು ಯಾರದು ಎಂದು ಎರಡು ಸಾಲು ಬರೆಸಿ. ಬಾಡಿಗೆಗೆ ಬಂದವರು ಮಾಲೀಕರ ಒಪ್ಪಿಗೆಯ ಮೇಲೆ ತಮ್ಮ ಸಿಲಿಂಡರ್ ಹಾಕಿ, ಹಳೆಯದನ್ನು ಕಾಗದದಲ್ಲಿ ಸುತ್ತಿಟ್ಟು, ಬಿಡುವಾಗ ಮರಳಿ ಕೂರಿಸಿ ಹೋಗಬಹುದು. ಅವಧಿ ಮುಗಿದರೂ ಬಿಡದವರನ್ನು ಹೊರಹಾಕಲು ಮಾಲೀಕರೇ ಬೀಗ ಬದಲಿಸುವಂತಿಲ್ಲ. ಅದಕ್ಕೆ 24ನೇ ಕಲಮಿನಡಿ ಸಕ್ಷಮ ಪ್ರಾಧಿಕಾರದ ಮುಂದೆ ಅರ್ಜಿ ಹಾಕುವ ದಾರಿಯಿದೆ.

ಚಾವಿವಾಲಾನನ್ನು ಮನೆಗೆ ಕರೆಯುವಾಗ ಎಚ್ಚರ ಇರಲಿ. ಅವರಲ್ಲಿ ದೊಡ್ಡ ಪಾಲು ಕಷ್ಟಪಟ್ಟು ದುಡಿಯುವ ಕುಶಲಿಗಳು. ಖಾಲಿ ಕೀಲಿಕೈಯನ್ನು ಬೀಗದೊಳಗೆ ಹೊರಳಿಸಿ, ಅದರ ಮೇಲೆ ಬಿದ್ದ ಸಣ್ಣ ಗೀರನ್ನು ಬೆಳಕಿಗೆ ಹಿಡಿದು, ಅಷ್ಟೇ ಜಾಗವನ್ನು ಅರದಿಂದ ಉಜ್ಜುವ ಅವರ ಕೈಚಳಕ ನೋಡುವಂಥದ್ದು. ಆದರೆ ರಸ್ತೆಯಲ್ಲಿ ಕೂಗಿಕೊಂಡು ಬಂದವರನ್ನು ಕಪಾಟಿನ ಚಾವಿ ಮಾಡಿಸಲು ಒಳಗೆ ಕರೆದು, "ಬಿಸಿ ಆರಿದ ಮೇಲೆ ತೆರೆಯಿರಿ" ಎಂಬ ಮಾತು ನಂಬಿ, ಆಮೇಲೆ ತೆರೆದಾಗ ಚಿನ್ನ ಇಲ್ಲದ ಪ್ರಕರಣಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ನಿಶ್ಚಿತ ಅಂಗಡಿ ಇರುವವರನ್ನೇ ಕರೆಯಿರಿ, ಕೆಲಸ ಮುಗಿಯುವ ತನಕ ಪಕ್ಕದಲ್ಲೇ ನಿಲ್ಲಿ.

ಡಿಜಿಟಲ್ ಲಾಕ್ ಹಾಕಿದವರಿಗೆ ಕೋಡ್ ಬದಲಿಸಿದರೆ ಮುಗಿಯಿತು, ನಿಜ. ಆದರೆ ಅದರಲ್ಲೂ ತುರ್ತಿಗೆಂದು ಒಂದು ಕೀಲಿಕೈ ತೂತು ಇರುವುದುಂಟು. ಆ ಕೀಲಿಕೈ ಯಾರಲ್ಲಿದೆ ಎಂಬ ಪ್ರಶ್ನೆ ಅಲ್ಲೂ ಉಳಿಯುತ್ತದೆ.

ಕೊನೆಯದಾಗಿ, ವಯಸ್ಸಾದ ತಂದೆತಾಯಿ ಇಬ್ಬರೇ ಇರುವ ಮನೆಗಳ ಮಕ್ಕಳಲ್ಲಿ ಒಂದು ಕೋರಿಕೆ. ಎರಡೂ ಕಡೆ ಕೀಲಿಕೈ ಬೇಕಾಗುವ ಸಿಲಿಂಡರನ್ನು ಆ ಬಾಗಿಲಿಗೆ ಹಾಕಬೇಡಿ. ಹೊಗೆ ತುಂಬಿದ ರಾತ್ರಿ ಕೀಲಿಕೈ ಹುಡುಕುತ್ತ ಕೂರುವ ಹಾಗಾಗಬಾರದು. ಒಳಗಡೆ ಕೈಯಿಂದ ತಿರುಗಿಸುವ ಗುಬ್ಬಿ ಇರಲಿ. ಗುಬ್ಬಿ ಒಗ್ಗದೆ ಅವರು ಒಳಗಿನಿಂದ ಕೀಲಿಕೈ ಸಿಕ್ಕಿಸಿಟ್ಟೇ ಮಲಗುವ ರೂಢಿಯವರಾದರೆ, ಒಳಗೆ ಕೀಲಿಕೈ ಇದ್ದರೂ ಹೊರಗಿನಿಂದ ತೆರೆಯಬಲ್ಲ ಸಿಲಿಂಡರ್ ಸಿಗುತ್ತದೆ, ಅಂಗಡಿಯಲ್ಲಿ ಹಾಗೆಂದೇ ಕೇಳಿ. ಅದನ್ನು ಹಾಕಿಸಿ, ಒಂದು ಕೀಲಿಕೈಯನ್ನು ನೆರೆಮನೆಯಲ್ಲಿ ಕೊಟ್ಟಿಡಿ, ಹೊರಗಿನಿಂದ ತೆರೆದುಕೊಳ್ಳುತ್ತದೆಯೇ ಎಂದು ನೀವೇ ನಿಂತು ನೋಡಿ. ಈ ಸಲ ಊರಿಗೆ ಹೊರಡುವ ಮೊದಲೇ ಈ ಕೆಲಸ ಮುಗಿಸಿ.