ಸ್ಟೇರಿಂಗ್ ಹಿಡಿದು ಸಂಸಾರ ಸಾಗಿಸಿದವರು

ನಾಂಪಲ್ಲಿ (ಹೈದರಾಬಾದ್): ನಿವೃತ್ತ ಶಿಕ್ಷಕರಿಗೆ, ಬ್ಯಾಂಕ್ ನೌಕರರಿಗೆ ಬೀಳ್ಕೊಡುಗೆ ಸಮಾರಂಭ ಇರುತ್ತದೆ. ಲಾರಿ ಚಾಲಕರಿಗೆ ಅಂಥ ದಿನವೇ ಇಲ್ಲ. ಕಣ್ಣು ಮಂಜಾಗಿ, ಲೈಸೆನ್ಸ್ ನವೀಕರಣಕ್ಕೆ ಬೇಕಾದ ವೈದ್ಯಕೀಯ ಪ್ರಮಾಣಪತ್ರ ಸಿಗದೇ ಹೋದ ದಿನವೇ ಅವರ ನಿವೃತ್ತಿ. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿ, ಲಾರಿ ಓಡಿಸಿ ಮಕ್ಕಳನ್ನು ಓದಿಸಿದ ಆ ಹಿರಿಯ ತಲೆಮಾರು ಒಬ್ಬೊಬ್ಬರಾಗಿ ಮರೆಯಾಗುತ್ತಿದೆ. ಅವರ ಬದುಕು ಈ ನಗರದ ಕನ್ನಡಿಗರ ಚರಿತ್ರೆಯ ಒಂದು ಭಾಗವೇ ಹೌದು. ಆದರೆ ಅದು ಎಲ್ಲೂ ಬರಹಕ್ಕೆ ಇಳಿದಿಲ್ಲ.

ಪರಊರು ಆಗಿರಲಿಲ್ಲ

1956ರ ನವೆಂಬರ್ 1ರವರೆಗೆ ಬೀದರ್, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಅಲ್ಲಿನ ಜನರಿಗೆ ಹೈದರಾಬಾದ್ ಎಂದರೆ ವಲಸೆಯ ಊರಲ್ಲ, ತಮ್ಮದೇ ರಾಜಧಾನಿ. ಕೋರ್ಟು, ಆಸ್ಪತ್ರೆ, ಕಾಲೇಜು, ವ್ಯಾಪಾರ ಯಾವುದಕ್ಕಾದರೂ ಇಲ್ಲಿಗೇ ಬರಬೇಕಿತ್ತು. ರಾಜ್ಯ ಪುನರ್ವಿಂಗಡಣೆಯಾದ ಮೇಲೂ ಆ ನಂಟು ಕಡಿಯಲಿಲ್ಲ. 1956ಕ್ಕೆ ಮೊದಲು ಇಲ್ಲಿ ಹುಟ್ಟಿದ ಹಿರಿಯರು ಮನೆ ಬದಲಿಸದೆಯೇ ಹೈದರಾಬಾದ್ ರಾಜ್ಯ, ಆಂಧ್ರ ಪ್ರದೇಶ, 2014ರ ಜೂನ್ 2ರಿಂದ ತೆಲಂಗಾಣ ಹೀಗೆ ಮೂರು ರಾಜ್ಯಗಳ ನಿವಾಸಿಗಳಾದರು.

ಊರಿನಿಂದ ಬಂದವರು ನಾಂಪಲ್ಲಿಗೆ ಬಂದು ಸೇರಲು ಕಾರಣವಿತ್ತು. 1907ರಲ್ಲಿ ಶುರುವಾದ ರೈಲು ನಿಲ್ದಾಣ ಇಲ್ಲಿದೆ. ದಾಖಲೆಯಲ್ಲಿ ಅದು 'ಹೈದರಾಬಾದ್ ಡೆಕ್ಕನ್'. ಜನರ ಬಾಯಲ್ಲಿ ಇಂದಿಗೂ ನಾಂಪಲ್ಲಿ ಸ್ಟೇಷನ್. ಮೊಅಜ್ಜಂ ಜಾಹಿ ಮಾರ್ಕೆಟ್ ಪಕ್ಕದಲ್ಲೇ ಇದೆ. ಬೇಗಂ ಬಜಾರ್, ಉಸ್ಮಾನ್‌ಗಂಜ್, ಅಫ್ಜಲ್‌ಗಂಜ್‌ನ ಸಗಟು ಪೇಟೆ, ಟ್ರಾನ್ಸ್‌ಪೋರ್ಟ್ ಕಚೇರಿಗಳು ಹತ್ತಿರ. 1938ರಲ್ಲಿ ಆರಂಭವಾದ ನುಮಾಯಿಶ್ ಪ್ರತಿವರ್ಷ ಜನವರಿಯಲ್ಲಿ ಸೇರುವುದೂ ನಾಂಪಲ್ಲಿಯ ಮೈದಾನದಲ್ಲೇ. ಸರಕು ಇಳಿಯುವ ಕಡೆ ಲಾರಿಗೆ ಕೆಲಸ, ಲಾರಿ ಇರುವ ಕಡೆ ಚಾಲಕನಿಗೆ ಕೆಲಸ.

ಕ್ಲೀನರ್‌ನಿಂದ ಉಸ್ತಾದನವರೆಗೆ

ಆ ಕಾಲದಲ್ಲಿ ಡ್ರೈವಿಂಗ್ ಶಾಲೆಗೆ ಹೋಗಿ ಲಾರಿ ಕಲಿತವರು ವಿರಳ. ಹದಿನೈದು ಹದಿನಾರರ ಹುಡುಗ ಮೊದಲು ಕ್ಲೀನರ್ ಆಗಿ ಹತ್ತುತ್ತಿದ್ದ. ಗಾಜು ಒರೆಸುವುದು, ತಾಡಪಾಲು ಕಟ್ಟುವುದು, ಸ್ಟೆಪ್ನಿ ಬದಲಿಸುವುದು, ಉಸ್ತಾದನಿಗೆ ಚಹಾ ತರುವುದು. ರಾತ್ರಿ ಖಾಲಿ ರಸ್ತೆಯಲ್ಲಿ ಉಸ್ತಾದ ಮನಸ್ಸು ಮಾಡಿದರೆ ಸ್ವಲ್ಪ ಹೊತ್ತು ಸ್ಟೇರಿಂಗ್ ಕೈಗೆ ಸಿಗುತ್ತಿತ್ತು. ಕೆಲ ವರ್ಷ ಹೀಗೆ ಕಳೆದ ಮೇಲೆ ಲೈಸೆನ್ಸು, ಆಮೇಲೆ ಸೆಕೆಂಡ್ ಡ್ರೈವರ್, ಕೊನೆಗೆ ಉಸ್ತಾದ.

ಗಾಡಿಗಳೂ ಹಾಗೇ ಇದ್ದವು. 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಸಹಯೋಗದಲ್ಲಿ ಟಾಟಾ ಕಂಪನಿ ತಯಾರಿಸತೊಡಗಿದ ಲಾರಿಗಳೇ ಹೆಚ್ಚು, ಜೊತೆಗೆ ಅಶೋಕ್ ಲೇಲ್ಯಾಂಡ್. ಪವರ್ ಸ್ಟೇರಿಂಗ್ ಇಲ್ಲ. ತಿರುವಿನಲ್ಲಿ ಎರಡೂ ತೋಳಿನ ಬಲ ಬೇಕು. ಬೇಸಿಗೆಯಲ್ಲಿ ಮೇಲೆ ಬಿಸಿಲು, ಕಾಲಬಳಿ ಎಂಜಿನ್ನಿನ ಕಾವು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳಿಗೆ ಹವಾನಿಯಂತ್ರಿತ ಕ್ಯಾಬಿನ್ ಕಡ್ಡಾಯವಾಗಿದೆ. ಹಳೆಯ ಚಾಲಕರಿಗೆ ಒದ್ದೆ ಟವೆಲ್ಲೇ ಏಸಿ.

ಹೋಗುವಾಗ ಬರುವಾಗ ಲೋಡು ಸಿಕ್ಕರೆ ಟ್ರಿಪ್ಪಿನಲ್ಲಿ ಲಾಭ. ಕಲಬುರಗಿಯ ತೊಗರಿಬೇಳೆ, ಶಹಾಬಾದಿನ ಹಾಸುಗಲ್ಲು, ವಾಡಿಯ ಸಿಮೆಂಟು, ರಾಯಚೂರಿನ ಅಕ್ಕಿ, ಹತ್ತಿ ಇತ್ತ ಬರುತ್ತಿದ್ದವು. ಹೈದರಾಬಾದಿನ ಹಳೆಯ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ ಈಗಲೂ ಕಾಣಸಿಗುತ್ತದೆ. ಅದರ ಮೇಲೆ ಓಡಾಡುವವರಿಗೆ ಅದನ್ನು ಹೊತ್ತುತಂದ ಲಾರಿ, ಚಾಲಕ ನೆನಪಾಗುವುದಿಲ್ಲ.

ದಾರಿ ಹೆಚ್ಚಾಗಿ 9ನೇ ನಂಬರ್ ಹೆದ್ದಾರಿ. ಜಹೀರಾಬಾದ್ ದಾಟಿ ಹುಮನಾಬಾದ್, ಮುಂದೆ ಸೊಲ್ಲಾಪುರ, ಪುಣೆ. ಮರುಸಂಖ್ಯೆಯಾದ ಬಳಿಕ ಅದು 65 ಆಗಿದೆ. ಹಿರಿಯ ಚಾಲಕರ ಬಾಯಲ್ಲಿ ಅದು 'ನಂಬರ್ ಒಂಬತ್ತೇ'. ಗಡಿಯ ಚೆಕ್‌ಪೋಸ್ಟಿನಲ್ಲಿ ಬಿಲ್ಟಿ, ಪರ್ಮಿಟ್ ಹಿಡಿದು ಗಂಟೆಗಟ್ಟಲೆ ಸಾಲು ನಿಲ್ಲಬೇಕಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ವಾಣಿಜ್ಯ ತೆರಿಗೆಯ ಆ ಚೆಕ್‌ಪೋಸ್ಟುಗಳು ಎದ್ದುಹೋದವು.

ಮನೆಯಾಕೆಯ ಪಾಲು

ಚಾಲಕ ತಿಂಗಳಲ್ಲಿ ಮನೆಯಲ್ಲಿ ಇರುತ್ತಿದ್ದುದು ಕೆಲವೇ ದಿನ. ಬತ್ತಾದಲ್ಲಿ ಉಳಿಸಿದ್ದು, ಸಂಬಳದಲ್ಲಿ ಮಿಕ್ಕಿದ್ದು ಮನೆಗೆ. ಫೋನಿಲ್ಲದ ಕಾಲದಲ್ಲಿ ಅದೇ ದಾರಿಯ ಬೇರೆ ಲಾರಿಯವರ ಬಾಯಿಂದಲೇ ಸುದ್ದಿ ಬರಬೇಕು. 'ಹುಮನಾಬಾದ್ ಧಾಬಾದಾಗ ಸಿಕ್ಕಿದ್ದ, ಆರಾಮ ಅದಾನ' ಎಂಬ ಒಂದು ಮಾತಿಗಾಗಿ ಮನೆಮಂದಿ ಕಾಯುತ್ತಿದ್ದರು. ನಂತರ ಎಸ್‌ಟಿಡಿ ಬೂತ್, ಆಮೇಲೆ ಮೊಬೈಲ್ ಬಂತು.

ಹೀಗಾಗಿ ಬಾಡಿಗೆ, ರೇಷನ್, ಮಕ್ಕಳ ಫೀಸು, ಅತ್ತೆ ಮಾವನ ಔಷಧ ಎಲ್ಲವೂ ಹೆಂಡತಿಯ ಹೆಗಲಿಗೆ. ಹೊರಗೆ ಉರ್ದು, ತೆಲುಗು; ಒಳಗೆ ಕನ್ನಡ ಉಳಿದಿದ್ದರೆ ಅದೂ ಆಕೆಯ ಕೊಡುಗೆಯೇ. ಅಪ್ಪ ಬಂದ ದಿನ ಹಬ್ಬ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಲಾರಿ ತೊಳೆದು, ಬಾಳೆಕಂಬ ಕಟ್ಟಿ, ಚಕ್ರದಡಿ ನಿಂಬೆಹಣ್ಣು ಇಟ್ಟಾಗ ಮಕ್ಕಳಿಗೆಲ್ಲ ಕ್ಯಾಬಿನ್ನಿನಲ್ಲಿ ಕೂರುವ ಭಾಗ್ಯ. 'ನೀ ಮಾತ್ರ ಈ ಕೆಲಸಕ್ಕ ಬರಬ್ಯಾಡ, ಸಾಲಿ ಕಲಿ' ಎಂಬುದು ಚಾಲಕ ತಂದೆಯರು ಮಕ್ಕಳಿಗೆ ತಪ್ಪದೆ ಹೇಳುತ್ತಿದ್ದ ಮಾತು.

ಪಿಂಚಣಿಯಿಲ್ಲದ ಇಳಿವಯಸ್ಸು

ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹೇಳಿತ್ತು. ಐವರಿಗಿಂತ ಕಡಿಮೆ ಕೆಲಸಗಾರರಿದ್ದ ಕಡೆ ಅದು ತಾನಾಗಿ ಅನ್ವಯಿಸುತ್ತಿರಲಿಲ್ಲ. ಭವಿಷ್ಯನಿಧಿಗೆ 20 ಮಂದಿ ನೌಕರರಿರಬೇಕು. ಒಂದೆರಡು ಲಾರಿಯ ಮಾಲೀಕರ ಬಳಿ ದುಡಿದವರು ಎರಡಕ್ಕೂ ಹೊರಗೆ ಉಳಿದರು. 2019ರಲ್ಲಿ ಬಂದ ಶ್ರಮಯೋಗಿ ಮಾನ್‌ಧನ್ ಯೋಜನೆ 60 ದಾಟಿದ ಮೇಲೆ ತಿಂಗಳಿಗೆ 3,000 ರೂ. ಕೊಡುತ್ತದೆ, ಆದರೆ ಸೇರಲು ವಯಸ್ಸು 18ರಿಂದ 40ರೊಳಗೆ ಇರಬೇಕು. ಹಿರಿಯ ಚಾಲಕರಿಗೆ ಆ ಬಾಗಿಲೂ ಮುಚ್ಚಿತು. ಸೊಂಟನೋವು, ಮಂಡಿನೋವು, ಸಕ್ಕರೆ ಕಾಯಿಲೆಗಳ ಖರ್ಚು ಮಕ್ಕಳೇ ನೋಡಿಕೊಳ್ಳಬೇಕು. 2024ರ ಅಕ್ಟೋಬರ್‌ನಿಂದ 70 ದಾಟಿದ ಎಲ್ಲರಿಗೂ ಆದಾಯದ ಮಿತಿಯಿಲ್ಲದೆ ಆಯುಷ್ಮಾನ್ ಭಾರತ್ ಅಡಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಇದು ತಿಳಿಯದ ಹಿರಿಯರು ನಮ್ಮ ನಡುವೆ ಇರಬಹುದು. ಆಧಾರ್ ಹಿಡಿದು ನೋಂದಣಿ ಮಾಡಿಸಿಕೊಡಲು ಸಂಘದ ಯುವಕರಿಗೆ ಒಂದು ಭಾನುವಾರ ಸಾಕು.

ಕನ್ನಡ ಸಂಘಗಳು ರಾಜ್ಯೋತ್ಸವದಲ್ಲಿ ಸಾಹಿತಿ, ಕಲಾವಿದರನ್ನು ಸನ್ಮಾನಿಸುವುದು ಸರಿಯೇ. ಅದೇ ವೇದಿಕೆಗೆ ಒಬ್ಬ ನಿವೃತ್ತ ಲಾರಿ ಚಾಲಕರನ್ನು, ಅವರ ಮನೆಯಾಕೆಯನ್ನೂ ಜೊತೆಗೆ ಕರೆದರೆ ವೇದಿಕೆಗೆ ಶೋಭೆ. ಹಳೆಯ ಲೈಸೆನ್ಸು, ಬಿಲ್ಟಿಯ ಕಟ್ಟು, ಲಾರಿಯ ಮುಂದೆ ನಿಂತು ತೆಗೆಸಿಕೊಂಡ ಚಿತ್ರ ಮನೆಯಲ್ಲಿದ್ದರೆ ರದ್ದಿಗೆ ಹಾಕದೆ ಜೋಪಾನ ಮಾಡಿ. ಹಿರಿಯರು ಇನ್ನೂ ಇದ್ದರೆ ಪಕ್ಕದಲ್ಲಿ ಕೂತು, ಎಲ್ಲೆಲ್ಲಿ ಹೋಗಿದ್ದಿರಿ, ಯಾವ ಉಸ್ತಾದರ ಕೈಯಲ್ಲಿ ಕಲಿತಿರಿ ಎಂದು ಕೇಳಿ, ಮೊಬೈಲಿನಲ್ಲಾದರೂ ದಾಖಲಿಸಿಕೊಳ್ಳಿ. ಅವರಷ್ಟು ಚೆನ್ನಾಗಿ ಆ ದಾರಿಯ ಕಥೆ ಹೇಳಬಲ್ಲವರು ಮುಂದೆ ಸಿಗುವುದಿಲ್ಲ.